ದೋಟಿಯ ತುದಿಬಳೆ ಮತ್ತು ಅರೆ ಕ್ಯೂರಿಂಗ್: ತುಮಕೂರಿನ ಒಂದು ಕಾಂಪೋಸಿಟ್ ವರ್ಕ್‌ಶಾಪಿನ ಕೆಲಸ ಹೇಗಿದೆ?

ಅಡಿಕೆ ಕೊಯ್ಲಿಗೆ ಬಳಸುವ ಕಾರ್ಬನ್ ಫೈಬರ್ ದೋಟಿಗಳನ್ನು ಜೋಡಿಸಿ ಮಾರುವ ಮತ್ತು ಮುರಿದವನ್ನು ರಿಪೇರಿ ಮಾಡಿಕೊಡುವ ಸಣ್ಣ ಘಟಕವೊಂದನ್ನು ನಾನು ಗುಬ್ಬಿ ತಾಲ್ಲೂಕಿನಲ್ಲಿ ನಡೆಸುತ್ತಿದ್ದೇನೆ. ಕೊಳವೆ ಸುತ್ತುವ ಯಂತ್ರವಾಗಲಿ, ಅದನ್ನು ಬೇಯಿಸುವ ಓವನ್ ಆಗಲಿ ನನ್ನಲ್ಲಿಲ್ಲ. ಎರಡು ಹಂಗಾಮುಗಳಿಂದ ಆ ಕೆಲಸವನ್ನು ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಿನ ಕೈಗಾರಿಕಾ ಪ್ರದೇಶದಲ್ಲಿ, ನಾರು ಮತ್ತು ರೆಸಿನ್ ಎಂಬ ಅಂಟು ಕೂಡಿಸಿ ವಸ್ತು ತಯಾರಿಸುವ ಒಂದು ಕಾಂಪೋಸಿಟ್ ವರ್ಕ್‌ಶಾಪಿಗೆ ಕೊಡುತ್ತಾ ಬಂದಿದ್ದೇನೆ. ಅವರ ಕೆಲಸವನ್ನು ಮೆಚ್ಚಿಕೊಳ್ಳಲು ಕಾರಣಗಳಿವೆ. ಒಂದು ಸಲ ನನ್ನ ಸರಕು ಕೆಟ್ಟದ್ದೂ ಅವರ ಕೈಯಲ್ಲೇ. ಆ ದೂರನ್ನು ಅವರ ಮುಂದೆಯೇ ಹೇಳಿ ಮುಗಿಸಿರುವುದರಿಂದ ವರ್ಕ್‌ಶಾಪಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆದರೆ ಇಂಥ ಕೆಲಸ ಮಾಡಿಸಲು ಹೊರಟವರು ಎಲ್ಲಿಗೆ ಹೋದರೂ ಯಾವ ಪ್ರಶ್ನೆ ಕೇಳಬೇಕು, ಯಾವ ದಾಖಲೆ ಪಡೆಯಬೇಕು ಎಂಬುದು ಈ ವಿಮರ್ಶೆಯಿಂದ ತಿಳಿದೀತೆಂದು ನಂಬಿದ್ದೇನೆ.

ಮೊದಲು ತೊಂದರೆ ಇರುವುದೆಲ್ಲಿ ಎಂಬುದನ್ನು ಹೇಳಬೇಕು. ದೋಟಿ ಎಂದರೆ ಒಂದರೊಳಗೊಂದು ಜಾರುವ ಕೊಳವೆಗಳ ಸರಣಿ. ಪ್ರತಿ ಕೊಳವೆಯ ಬಾಯಿಯಲ್ಲಿ ಒಂದು ಕ್ಲ್ಯಾಂಪ್ ಇದ್ದು, ಒಳಗಿನ ಕೊಳವೆಯನ್ನು ಬೇಕಾದ ಎತ್ತರಕ್ಕೆ ಎಳೆದ ಮೇಲೆ ಅದನ್ನು ಬಿಗಿ ಮಾಡುತ್ತಾರೆ. 50 ಅಡಿ ಎತ್ತರದ ಮರದಿಂದ ಗೊನೆ ಎಳೆಯುವಾಗ ದೋಟಿ ಬಿಲ್ಲಿನಂತೆ ಬಾಗುತ್ತದೆ. ಬಾಗುವಿಕೆಯನ್ನು ಕೊಳವೆಯ ಉದ್ದಕ್ಕೆ ಹಾಸಿದ ನಾರುಗಳು ಚೆನ್ನಾಗಿಯೇ ತಡೆದುಕೊಳ್ಳುತ್ತವೆ. ಕೊಳವೆ ಸೋಲುವುದು ಬಾಯಿಯ ಹತ್ತಿರ: ಒಂದು ಕಡೆಯಿಂದ ಕ್ಲ್ಯಾಂಪ್ ಹಿಂಡುತ್ತದೆ, ಇನ್ನೊಂದು ಕಡೆಯಿಂದ ಒಳಗಿನ ಕೊಳವೆ ಬಾಗಿ ಮೀಟುತ್ತದೆ, ಉದ್ದುದ್ದ ನಾರುಗಳ ನಡುವೆ ಇರುವ ರೆಸಿನ್ ಸೀಳುತ್ತದೆ. ನನ್ನಲ್ಲಿಗೆ ರಿಪೇರಿಗೆ ಬರುವ ದೋಟಿಗಳಲ್ಲಿ ನಡುವೆ ಮುರಿದವು ಕಡಿಮೆ; ಬಾಯಿ ಸೀಳಿದವೇ ಹೆಚ್ಚು. ಇದಕ್ಕೆ ಪರಿಹಾರವಾಗಿ ಕೊಳವೆಯ ತುದಿಯ ಮೂರು ನಾಲ್ಕು ಇಂಚಿನಷ್ಟು ಭಾಗಕ್ಕೆ, ನಾರು ಸುತ್ತಲೂ ಓಡುವಂತೆ, ಹೆಚ್ಚುವರಿ ಪದರಗಳನ್ನು ಸುತ್ತುತ್ತಾರೆ. ನಮ್ಮ ಹುಡುಗರು ಅದನ್ನು ಬಳೆ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ.

ಬಳೆ ಎಷ್ಟೇ ಗಟ್ಟಿಯಾಗಿದ್ದರೂ ಕೊಳವೆಯನ್ನು ಬಿಟ್ಟು ಏಳುವಂತಿದ್ದರೆ ಅದು ಬರೀ ಅಲಂಕಾರ. ಹೀಗಾಗಿ ಇಡೀ ಕೆಲಸ ಬಳೆಗೂ ಕೊಳವೆಗೂ ನಡುವಿನ ಒಂದು ಪದರದ ಬಲಕ್ಕೆ ಬಂದು ನಿಲ್ಲುತ್ತದೆ. ಆ ಪದರ ಹೇಗೆ ಕೂಡುತ್ತದೆ ಎಂಬುದಕ್ಕೆ ಮೂರು ದಾರಿಗಳಿವೆ. ಕೊಳವೆಯನ್ನು ಪೂರ್ತಿ ಕ್ಯೂರ್ ಮಾಡಿ, ಅಂದರೆ ಬೇಯಿಸಿ ರೆಸಿನ್ನನ್ನು ಗಟ್ಟಿಯಾಗಿಸಿ, ಮೇಲ್ಮೈಯನ್ನು ಉಜ್ಜಿ, ಆಮೇಲೆ ಬಳೆ ಸುತ್ತಿ ಮತ್ತೊಮ್ಮೆ ಬೇಯಿಸುವುದು ಒಂದು. ಕೊಳವೆ, ಬಳೆ ಎರಡನ್ನೂ ಹಸಿಯಾಗಿಯೇ ಸುತ್ತಿ ಒಟ್ಟಿಗೇ ಬೇಯಿಸುವುದು ಎರಡನೆಯದು. ಕೊಳವೆಯನ್ನು ಅರ್ಧ ಕ್ಯೂರ್ ಮಾಡಿ ನಿಲ್ಲಿಸಿ, ಅದರ ಮೇಲೆ ಹಸಿ ಬಳೆಯನ್ನು ಸುತ್ತಿ, ಎರಡನ್ನೂ ಕೂಡಿಸಿ ಪೂರ್ತಿ ಮಾಡುವುದು ಮೂರನೆಯದು. ನಾನು ಹಣ ಕೊಡುತ್ತಿರುವುದು ಈ ಮೂರನೆಯ ಕೆಲಸಕ್ಕೆ, ಅಂದರೆ ಅರೆ ಕ್ಯೂರಿಂಗಿಗೆ.

ಗಾರೆ ಕೆಲಸ ನೋಡಿದವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ. ಮೊದಲ ಕೋಟಿನ ಗಾರೆ ಇನ್ನೂ ಹಸಿಹಸಿಯಾಗಿರುವಾಗ ಎರಡನೆಯದನ್ನು ಬಳಿದರೆ ಎರಡೂ ಜಾರುತ್ತವೆ; ಪೂರ್ತಿ ಒಣಗಿದ ಮೇಲೆ ಬಳಿದರೆ ಹಪ್ಪಳದಂತೆ ಎದ್ದು ಬರುತ್ತದೆ; ಅರ್ಧ ನೀರು ಎಳೆದಿರುವ ಹೊತ್ತು ನೋಡಿ ಬಳಿದರೆ ಮಾತ್ರ ಹಿಡಿಯುತ್ತದೆ. ನಮ್ಮ ಕೊಳವೆಗಳ ರೆಸಿನ್ ಆದ ಎಪಾಕ್ಸಿಯಲ್ಲಿ ಒಣಗುವ ಮಾತಿಲ್ಲ, ಅಲ್ಲಿ ನಡೆಯುವುದು ರಾಸಾಯನಿಕ ಕ್ರಿಯೆ. ಹಸಿ ರೆಸಿನ್ ಮತ್ತು ಗಟ್ಟಿಕಾರಕ ಸೇರಿ, ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತಾ ಕೊನೆಗೆ ಇಡೀ ವಸ್ತುವೇ ಒಂದು ಬಲೆಯಾಗುತ್ತದೆ. ಹಸಿ ಸ್ಥಿತಿಯನ್ನು ಎ ಹಂತ, ಅರ್ಧ ಮುಂದುವರಿದ ಸ್ಥಿತಿಯನ್ನು ಬಿ ಹಂತ, ಪೂರ್ತಿ ಗಟ್ಟಿಯಾದದ್ದನ್ನು ಸಿ ಹಂತ ಎನ್ನುವುದು ಈ ಕಸುಬಿನ ಹಳೆಯ ಪದ್ಧತಿ. ಅಂಗಡಿಯಿಂದ ಸುರುಳಿಯಾಗಿ ಬರುವ ಪ್ರಿಪ್ರೆಗ್, ಅಂದರೆ ರೆಸಿನ್ ತುಂಬಿದ ನಾರಿನ ಹಾಳೆ, ಬಿ ಹಂತದ ಮೊದಲ ಮೆಟ್ಟಿಲಲ್ಲಿರುತ್ತದೆ. ಅರೆ ಕ್ಯೂರಿಂಗ್ ಅದನ್ನು ಇನ್ನೂ ಕೆಲವು ಮೆಟ್ಟಿಲು ಮೇಲೇರಿಸುತ್ತದೆ.

ಎಷ್ಟು ಮೆಟ್ಟಿಲು ಎಂಬುದರ ಮೇಲೆ ಬಲ ನಿಂತಿದೆ. ದಾರಿಯಲ್ಲಿ ಒಂದು ಗಡಿ ಇದೆ, ಅದನ್ನು ಜೆಲ್ ಬಿಂದು ಎನ್ನುತ್ತಾರೆ. ಅಮೈನ್ ಗಟ್ಟಿಕಾರಕವಿರುವ ಸಾಮಾನ್ಯ ಎಪಾಕ್ಸಿಗಳಲ್ಲಿ ಕ್ರಿಯೆ ಶೇ 50ರಿಂದ 60ರಷ್ಟು ಮುಗಿಯುವಷ್ಟರಲ್ಲಿ ಈ ಗಡಿ ಬರುತ್ತದೆ. ಅದಕ್ಕೆ ಮೊದಲು ತಣ್ಣಗಾದ ರೆಸಿನ್ ಕೈಗೆ ಗಟ್ಟಿ ಎನಿಸಿದರೂ ಮತ್ತೆ ಬಿಸಿ ತಾಗಿದಾಗ ಮೆದುವಾಗಿ ಸ್ವಲ್ಪ ಹರಿಯುತ್ತದೆ, ಬಳೆಯ ರೆಸಿನ್ನಿನೊಡನೆ ಬೆರೆಯುತ್ತದೆ, ಎರಡರ ಕೊಂಡಿಗಳೂ ಒಂದೇ ಬಲೆಯಾಗುತ್ತವೆ. ಗಡಿ ದಾಟಿದ ಮೇಲೆ ಅದು ಎಷ್ಟು ಬಿಸಿ ಮಾಡಿದರೂ ಹರಿಯದು. ಹೆಚ್ಚೆಂದರೆ ರಬ್ಬರಿನಂತೆ ಮೆತ್ತಗಾಗುತ್ತದೆ. ಆಗಲೂ ಮೇಲ್ಮೈಯಲ್ಲಿ ಕೊಂಡಿ ಹಾಕದೆ ಉಳಿದ ಅಣುಗಳಿರುತ್ತವೆ, ಆದ್ದರಿಂದ ಹಿಡಿತ ಪೂರ್ತಿ ಹೋಗುವುದಿಲ್ಲ. ಆದರೆ ಎರಡು ಮೇಲ್ಮೈಗಳ ನಡುವೆ ಸಿಕ್ಕಿದ ಗಾಳಿಗೆ ಹೊರಡಲು ದಾರಿಯಿಲ್ಲ, ಏರುಪೇರುಗಳನ್ನು ತುಂಬಲು ಕೆಳಗಿನ ರೆಸಿನ್ನಿಗೆ ಚಲನೆಯಿಲ್ಲ. ಪದರಗಳ ನಡುವೆ ಶೇ 1ರಷ್ಟು ಗಾಳಿಗುಳ್ಳೆ ಹೆಚ್ಚಾದರೆ ಅಲ್ಲಿಯ ಶಿಯರ್ ಬಲ, ಅಂದರೆ ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಬಲ, ಸುಮಾರು ಶೇ 7ರಷ್ಟು ಇಳಿಯುತ್ತದೆ ಎಂಬ ಸ್ಥೂಲ ಲೆಕ್ಕವನ್ನು ಈ ಕ್ಷೇತ್ರದವರು ಬಹಳ ವರ್ಷಗಳಿಂದ ಒಪ್ಪಿಕೊಂಡು ಬಂದಿದ್ದಾರೆ.

ಹಾಗಿದ್ದರೆ ಎರಡನ್ನೂ ಹಸಿಯಾಗಿಯೇ ಒಟ್ಟಿಗೆ ಬೇಯಿಸಬಾರದೇಕೆ ಎಂದು ನಾನೂ ಮೊದಲ ಭೇಟಿಯಲ್ಲೇ ಕೇಳಿದ್ದೆ. ವರ್ಕ್‌ಶಾಪಿನ ಯಜಮಾನರು ಮಾತಿನಲ್ಲಿ ಉತ್ತರ ಕೊಡದೆ, ಹಾಗೆ ಮಾಡಿದ ಒಂದು ಕೊಳವೆಯನ್ನು ಉದ್ದಕ್ಕೆ ಸೀಳಿ ಪಾಲಿಶ್ ಮಾಡಿಟ್ಟಿದ್ದನ್ನು ತಂದು ತೋರಿಸಿದರು. ಬಳೆ ಮುಗಿಯುವ ಅಂಚಿನಲ್ಲಿ, ಕೆಳಗಿನ ಕೊಳವೆಯ ಉದ್ದನೆಯ ನಾರುಗಳು ಸೀರೆಯ ನೆರಿಗೆಯಂತೆ ಸಣ್ಣಗೆ ಮಡಿಚಿಕೊಂಡಿದ್ದವು. ಈ ಕೊಳವೆಗಳನ್ನು ಸ್ಟೀಲ್ ಮ್ಯಾಂಡ್ರೆಲ್, ಅಂದರೆ ಅಚ್ಚಿನ ಸಲಾಕೆಯ ಮೇಲೆ ಸುತ್ತಿ, ಅದರ ಮೇಲೆ ಬಿಸಿಗೆ ಕುಗ್ಗುವ ಟೇಪನ್ನು ಬಿಗಿಯಾಗಿ ಸುತ್ತಿ ಓವನ್ನಿನಲ್ಲಿ ತೂಗುಹಾಕುತ್ತಾರೆ. ಪದರಗಳನ್ನು ಒತ್ತುವ ಕೆಲಸವೆಲ್ಲ ಆ ಟೇಪಿನದೇ. ಬಳೆಯ ಅಂಚಿನಲ್ಲಿ ದಪ್ಪ ಥಟ್ಟನೆ ಬದಲಾಗುವುದರಿಂದ ಟೇಪು ಅಲ್ಲಿ ಅಡ್ಡಾದಿಡ್ಡಿ ಒತ್ತುತ್ತದೆ. ಕೆಳಗಿನ ರೆಸಿನ್ ನೀರಾಗಿದ್ದರೆ ನಾರು ಅದರೊಡನೆ ಸರಿಯುತ್ತದೆ. ನೆಟ್ಟಗಿರಬೇಕಾದ ನಾರು ಸೊಟ್ಟಗಾದರೆ ಎಳೆತಕ್ಕಿಂತ ಒತ್ತಡದಲ್ಲಿ ಬಲ ಹೆಚ್ಚು ಕುಸಿಯುತ್ತದೆ. ಬಾಗಿದ ಕೊಳವೆಯ ಒಳಮಗ್ಗುಲು ಸದಾ ಒತ್ತಡದಲ್ಲೇ ಇರುತ್ತದೆ. ಕೊಳವೆಯನ್ನು ಮೊದಲೇ ಅರ್ಧ ಕ್ಯೂರ್ ಮಾಡಿಕೊಂಡರೆ ನಾರು ಜಾಗ ಬಿಟ್ಟು ಕದಲುವುದಿಲ್ಲ, ಬಳೆಯೂ ಹಿಡಿಯುತ್ತದೆ.

ವಿಮಾನದ ಕೆಲಸದಲ್ಲಿ ಈ ಚಿಂತನೆ ಹೊಸದಲ್ಲ. ಹೊರಹಾಳೆ ಮತ್ತು ಅದರ ಬೆನ್ನಿಗೆ ನಿಲ್ಲುವ ಪಟ್ಟಿಗಳನ್ನು ಒಟ್ಟಿಗೆ ಕ್ಯೂರ್ ಮಾಡುವ ವಿಧಾನವನ್ನು ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆಯಾದ ಎನ್‌ಎಎಲ್ ತೇಜಸ್ ವಿಮಾನದ ಭಾಗಗಳಿಗಾಗಿ ಬೆಳೆಸಿತು. ಗುಬ್ಬಿಯ ಬಳಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಮೇಲೆ ನಮ್ಮ ಕಡೆ ಕಾಂಪೋಸಿಟ್ ಎಂಬ ಮಾತು ಚಹಾ ಅಂಗಡಿಯಲ್ಲೂ ಕೇಳಿಸುತ್ತಿದೆ. ಆದರೆ ವಿಮಾನದ ಭಾಗಗಳಿಗೆ ಆರೇಳು ಬಾರ್ ಒತ್ತಡ ಕೊಡುವ ಆಟೋಕ್ಲೇವ್ ಎಂಬ ಮುಚ್ಚಿದ ಓವನ್ ಇರುತ್ತದೆ. ದೋಟಿಗೆ ಇರುವುದು ಕುಗ್ಗುವ ಟೇಪು ಮಾತ್ರ. ಒತ್ತಡ ಕಡಿಮೆಯಿದ್ದಷ್ಟೂ ಅರೆ ಕ್ಯೂರಿಂಗಿನ ಅಳತೆ ಹೆಚ್ಚು ನಿಖರವಾಗಿರಬೇಕು, ಏಕೆಂದರೆ ತಪ್ಪನ್ನು ಹಿಂಡಿ ಸರಿಪಡಿಸುವ ಬಲ ನಮ್ಮಲ್ಲಿಲ್ಲ.

ಕಳೆದ ವರ್ಷ ದೊಡ್ಡ ಆರ್ಡರ್ ಕೊಡುವ ಮೊದಲು ನಾಲ್ಕು ಬಗೆಯಲ್ಲಿ ಆರಾರು ತುಂಡುಗಳಂತೆ 24 ಗಿಡ್ಡ ಕೊಳವೆಗಳನ್ನು ಮಾಡಿಸಿದೆ: ಪೂರ್ತಿ ಕ್ಯೂರ್ ಆದ ಕೊಳವೆಗೆ ಬಳೆ, ಎಲ್ಲವೂ ಹಸಿಯಾಗಿ ಒಟ್ಟಿಗೆ, ಜೆಲ್ ಬಿಂದುವಿಗೆ ಮೊದಲು ನಿಲ್ಲಿಸಿದ ಅರೆ ಕ್ಯೂರಿಂಗ್, ಮತ್ತು ಬೇಕೆಂದೇ ಆ ಬಿಂದು ದಾಟಿಸಿದ ಅರೆ ಕ್ಯೂರಿಂಗ್. ಪ್ರತಿ ಬಗೆಯ ಜೊತೆಗೂ ಅದೇ ಸುರುಳಿಯ ಪ್ರಿಪ್ರೆಗ್‌ನಿಂದ, ಅದೇ ಹೊತ್ತಿನಲ್ಲಿ, ಒಂದೊಂದು ಚಪ್ಪಟೆ ಹಲಗೆಯನ್ನೂ ಮಾಡಿಕೊಟ್ಟರು. ಇದನ್ನು ಕೇಳಿದವನು ನಾನಲ್ಲ, ಅವರೇ ಸೂಚಿಸಿದರು; ಆ ಒಂದು ಸೂಚನೆಯಿಂದಲೇ ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿತು. ಹಲಗೆಯ ಅರ್ಧ ದಪ್ಪ ಮೊದಲು ಕ್ಯೂರ್ ಆದದ್ದು, ಉಳಿದರ್ಧ ಆಮೇಲೆ ಕೂಡಿದ್ದು. ಅದರಿಂದ ಕತ್ತರಿಸಿದ ಸಣ್ಣ ಪಟ್ಟಿಗಳನ್ನು ಎಎಸ್‌ಟಿಎಂ ಡಿ 2344 ಎಂಬ ಗಿಡ್ಡ ತೊಲೆಯ ಪರೀಕ್ಷೆಗೆ ಒಡ್ಡಬಹುದು. ಆ ಪರೀಕ್ಷೆಯಲ್ಲಿ ಎರಡು ಆಧಾರಗಳ ನಡುವಿನ ಅಂತರ ಪಟ್ಟಿಯ ದಪ್ಪದ ನಾಲ್ಕರಷ್ಟು ಮಾತ್ರ ಇರುವುದರಿಂದ ಪಟ್ಟಿ ಬಾಗಿ ಮುರಿಯುವ ಮೊದಲೇ ಪದರಗಳು ಒಂದರ ಮೇಲೊಂದು ಜಾರುತ್ತವೆ, ಮತ್ತು ಆ ಜಾರುವ ಬಲ ಅತಿ ಹೆಚ್ಚಾಗಿರುವುದು ದಪ್ಪದ ನಟ್ಟನಡುವೆ. ನಮ್ಮ ಕೂಡುಪದರ ಇದ್ದದ್ದೂ ಅಲ್ಲೇ. ಪರೀಕ್ಷೆಯನ್ನು ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಶುಲ್ಕ ಕಟ್ಟಿ ಮಾಡಿಸಿದೆ. ಕೊಳವೆಗಳನ್ನು ಮಾತ್ರ ನನ್ನ ಶೆಡ್ಡಿನಲ್ಲೇ ಎರಡು ಮರದ ಅಡ್ಡೆಗಳ ಮೇಲಿಟ್ಟು, ಕ್ಲ್ಯಾಂಪ್ ಬಿಗಿದು, ಮರಳಿನ ಮೂಟೆ ತೂಗುಹಾಕಿ ಮುರಿದೆ.

ಫಲಿತಾಂಶದಲ್ಲಿ ಮೊದಲು ಗಮನಿಸಬೇಕಾದದ್ದು ಯಾವುದು ಬದಲಾಗಲಿಲ್ಲ ಎಂಬುದು. ಬಳೆಯಿಂದ ದೂರ, ಕೊಳವೆಯ ನಡುಭಾಗದ ಬಲದಲ್ಲಿ ನಾಲ್ಕು ಬಗೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದು ನ್ಯಾಯವೇ: ನಾರಿನ ದಿಕ್ಕಿನಲ್ಲಿ ಭಾರ ಹೊರುವುದು ನಾರು, ರೆಸಿನ್ನಿನ ಕೆಲಸ ಅದನ್ನು ಸಾಲಾಗಿ ಹಿಡಿದಿಡುವುದು. ಕೊನೆಯ ಕ್ಯೂರಿಂಗ್ ಪೂರ್ತಿಯಾಗಿದ್ದರೆ ನಡುವೆ ಒಮ್ಮೆ ನಿಲ್ಲಿಸಿದ್ದರಿಂದ ನಾರಿಗೆ ಏನೂ ಆಗುವುದಿಲ್ಲ. ಆದ್ದರಿಂದ ಯಾರಾದರೂ ಉದ್ದಕ್ಕೆ ಎಳೆದು ಮುರಿದ ಪರೀಕ್ಷೆಯ ಅಂಕಿ ತೋರಿಸಿ, ನಮ್ಮ ಅರೆ ಕ್ಯೂರಿಂಗಿನಿಂದ ಬಲ ಒಂದಿಷ್ಟೂ ತಗ್ಗಿಲ್ಲ ಎಂದರೆ, ಆ ಮಾತು ನಿಜವಾದರೂ ಕೊಳ್ಳುವವನಿಗೆ ನಿರುಪಯುಕ್ತ. ರೆಸಿನ್ನನ್ನೇ ನೆಚ್ಚಿಕೊಂಡ ಬಲಗಳನ್ನು, ಅಂದರೆ ಪದರಗಳ ನಡುವಿನ ಶಿಯರ್, ಅಡ್ಡ ಸೀಳಿಕೆ, ಒತ್ತಡ ಇವನ್ನು ಕೇಳಬೇಕು.

ಗಿಡ್ಡ ತೊಲೆಯ ಪರೀಕ್ಷೆಯಲ್ಲಿ ಎಲ್ಲವನ್ನೂ ಹಸಿಯಾಗಿ ಬೇಯಿಸಿದ ಹಲಗೆಯೇ ಮುಂದಿತ್ತು. ಜೆಲ್‌ಗೆ ಮೊದಲು ನಿಲ್ಲಿಸಿದ್ದು ಅದರ ಬೆನ್ನಿಗೇ ಇತ್ತು, ಎರಡರ ನಡುವಿನ ಅಂತರ ಪಟ್ಟಿಯಿಂದ ಪಟ್ಟಿಗೆ ಬರುವ ಏರುಪೇರಿಗಿಂತ ಹೆಚ್ಚಿರಲಿಲ್ಲ. ಪೂರ್ತಿ ಕ್ಯೂರ್ ಮಾಡಿ ಉಜ್ಜಿ ಕೂಡಿಸಿದ್ದು ಇವೆರಡಕ್ಕಿಂತ ಕೆಳಗಿದ್ದರೂ ಆರು ಪಟ್ಟಿಗಳೂ ಹತ್ತಿರಹತ್ತಿರದ ಅಂಕಿ ಕೊಟ್ಟವು. ನಾಲ್ಕನೆಯದು, ಅಂದರೆ ಗಡಿ ದಾಟಿಸಿದ ಅರೆ ಕ್ಯೂರಿಂಗ್, ಸರಾಸರಿಯಲ್ಲಿ ಕೊನೆಯ ಸ್ಥಾನಕ್ಕೆ ಬಂದದ್ದಕ್ಕಿಂತ ಹೆಚ್ಚಾಗಿ ತನ್ನ ಚಂಚಲತೆಯಿಂದ ನನ್ನನ್ನು ಹೆದರಿಸಿತು: ಒಂದು ಪಟ್ಟಿ ಚೆನ್ನಾಗಿ ನಿಂತಿತು, ಅದರ ಪಕ್ಕದ್ದು ಅರ್ಧ ಭಾರಕ್ಕೇ ಬಿಟ್ಟುಕೊಟ್ಟಿತು. ಕಾರಣ ಒಡಕಿನಲ್ಲಿ ಕಣ್ಣಿಗೇ ಕಾಣುತ್ತಿತ್ತು. ಒಳ್ಳೆಯ ಕೂಡಿಕೆ ಒಡೆದಾಗ ಎರಡೂ ಮುಖಗಳಲ್ಲಿ ಕಿತ್ತುಬಂದ ನಾರು, ಮಂಕಾದ ರೆಸಿನ್ನಿನ ಚೂರುಗಳು ಕಾಣುತ್ತವೆ. ಇದರಲ್ಲಿ ಅಲ್ಲಲ್ಲಿ ಕನ್ನಡಿಯಂತೆ ಹೊಳೆಯುವ ನುಣುಪು ಜಾಗಗಳಿದ್ದವು, ಅಲ್ಲಿ ಎರಡು ಪದರಗಳು ಮುಟ್ಟಿಕೊಂಡಿದ್ದವೇ ಹೊರತು ಕೂಡಿರಲಿಲ್ಲ.

ಕೊಳವೆಗಳ ವಿಷಯದಲ್ಲಿ ಸ್ಥಾನಗಳು ಬದಲಾದವು. ಹಸಿಯಾಗಿ ಒಟ್ಟಿಗೆ ಬೇಯಿಸಿದ ಆರರಲ್ಲಿ ನಾಲ್ಕು ಬಳೆಯ ಅಂಚಿನಲ್ಲೇ, ಆ ನೆರಿಗೆಯಿಂದಲೇ ಮುರಿದವು; ಹಲಗೆಯಲ್ಲಿ ಗೆದ್ದ ವಿಧಾನ ಕೊಳವೆಯಲ್ಲಿ ಸೋತಿತು. ಜೆಲ್‌ಗೆ ಮೊದಲು ನಿಲ್ಲಿಸಿದ ಆರರಲ್ಲಿ ಒಂದರ ಬಳೆಯೂ ಬಿಡಲಿಲ್ಲ, ಮುರಿದಾಗ ಕೊಳವೆಯೇ ಬಳೆಯಿಂದ ಆಚೆ ಮುರಿಯಿತು. ಸಣ್ಣ ಪ್ರಮಾಣದ, ನನ್ನದೇ ಶೆಡ್ಡಿನ ಪ್ರಯೋಗ ಇದು ಎಂಬುದನ್ನು ಒಪ್ಪಿಕೊಂಡೇ ಹೇಳುತ್ತೇನೆ: ನನ್ನ ವ್ಯಾಪಾರಕ್ಕೆ ಇಷ್ಟು ಸಾಕಾಯಿತು.

ಇಷ್ಟಾದ ಮೇಲೆ ಉಳಿಯುವ ಪ್ರಶ್ನೆ, ಸರಿಯಾದ ಹೊತ್ತಿಗೆ ನಿಲ್ಲಿಸುವುದು ಹೇಗೆ ಎಂಬುದು. ಈ ವರ್ಕ್‌ಶಾಪಿನ ನಿಜವಾದ ಹೆಗ್ಗಳಿಕೆ ಇಲ್ಲಿದೆ. ಹೊಸ ಸುರುಳಿ ಬಂದಾಗಲೆಲ್ಲ ಅದರಿಂದ ಸ್ವಲ್ಪ ರೆಸಿನ್ ತೆಗೆದು ಬಿಸಿ ತಟ್ಟೆಯ ಮೇಲಿಟ್ಟು, ಕಡ್ಡಿಯಿಂದ ಕಲಕಿ ಎತ್ತಿ ನೋಡುತ್ತಾರೆ. ಎಳೆ ಬರುವುದು ನಿಂತ ಕ್ಷಣವನ್ನು ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆ. ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವರನ್ನು ಕಂಡವನಿಗೆ ಇದು ಅಪರಿಚಿತವೆನಿಸುವುದಿಲ್ಲ. ಆದರೆ ಅವರು ಕಡ್ಡಿಯನ್ನೇ ನಂಬಿ ಕೂತಿಲ್ಲ. ಪ್ರತಿ ಹೊಸ ಸುರುಳಿಗೂ ಒಂದು ಸಲ, ಅರೆ ಕ್ಯೂರ್ ಆದ ಚೂರನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳುಹಿಸಿ, ಅದು ಬಿಡುವ ಶಾಖವನ್ನು ಅಳೆಯುವ ಡಿಎಸ್‌ಸಿ ಪರೀಕ್ಷೆ ಮಾಡಿಸುತ್ತಾರೆ. ಎಪಾಕ್ಸಿ ಗಟ್ಟಿಯಾಗುವಾಗ ಶಾಖ ಬಿಡುತ್ತದೆ. ಪೂರ್ತಿ ಹಸಿಯಾದ ರೆಸಿನ್ ಬಿಡುವ ಶಾಖದಲ್ಲಿ ಈ ಚೂರು ಇನ್ನು ಎಷ್ಟು ಪಾಲನ್ನು ಉಳಿಸಿಕೊಂಡಿದೆ ಎಂದು ಅಳೆದರೆ, ಕ್ಯೂರಿಂಗ್ ಎಷ್ಟು ಮುಗಿದಿದೆ ಎಂಬುದು ತಿಳಿಯುತ್ತದೆ. ಆ ಹಾಳೆಯ ಪ್ರತಿಯನ್ನು ನನಗೂ ಕೊಟ್ಟಿದ್ದಾರೆ. ಓವನ್ನಿನ ಗಾಳಿಯ ಬಿಸಿಯನ್ನು ಮಾತ್ರ ನೋಡದೆ ಮ್ಯಾಂಡ್ರೆಲ್ಲಿಗೇ ಬಿಸಿ ಅಳೆಯುವ ಥರ್ಮೋಕಪಲ್ ತಂತಿ ಅಂಟಿಸಿರುತ್ತಾರೆ. ಇದು ಮುಖ್ಯ, ಏಕೆಂದರೆ ದಪ್ಪ ಸ್ಟೀಲ್ ಸಲಾಕೆ ಬಿಸಿಯಾಗಲು ಗಾಳಿಗಿಂತ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಗಡಿಯಾರ ನೋಡಿ 20 ನಿಮಿಷ ಎಂದರೆ ಸಣ್ಣ ಕೊಳವೆಗೂ ದೊಡ್ಡ ಕೊಳವೆಗೂ ಒಂದೇ ಅರ್ಥ ಬರುವುದಿಲ್ಲ.

ಇನ್ನೊಂದು ಸಣ್ಣ ವಿಷಯವನ್ನೂ ಮೆಚ್ಚಬೇಕು. ಕುಗ್ಗುವ ಟೇಪುಗಳಲ್ಲಿ ಕೆಲವಕ್ಕೆ ಸುಲಭವಾಗಿ ಬಿಚ್ಚಲೆಂದು ಜಾರುವ ಲೇಪನವಿರುತ್ತದೆ. ಅದರ ಪಸೆ ಕೊಳವೆಯ ಮೈಗೆ ಹತ್ತಿದರೆ ಬಳೆ ಹಿಡಿಯುವುದಿಲ್ಲ. ಇವರು ಬಳೆ ಕೂರುವ ಜಾಗದಲ್ಲಿ ಟೇಪಿನ ಕೆಳಗೆ ನೈಲಾನ್ ಬಟ್ಟೆಯ ಪಟ್ಟಿ ಹಾಕಿ ಅರೆ ಕ್ಯೂರ್ ಮಾಡುತ್ತಾರೆ ಮತ್ತು ಬಳೆ ಸುತ್ತುವ ಗಳಿಗೆಗೆ ಸರಿಯಾಗಿ ಅದನ್ನು ಕಿತ್ತು ಹಾಕುತ್ತಾರೆ. ಬರಿಗೈಯಲ್ಲಿ ಆ ಜಾಗವನ್ನು ಮುಟ್ಟಲು ಹೋದ ನನ್ನನ್ನು ಅಲ್ಲಿಯ ಹೆಣ್ಣುಮಗಳೊಬ್ಬರು, ‘ಅಣ್ಣ, ಕೈ ತೆಗೀರಿ, ಎಣ್ಣೆ ಹತ್ತುತ್ತೆ’ ಎಂದು ಗದರಿದ್ದು ನೆನಪಿದೆ.

ಇನ್ನು ದೂರಿನ ವಿಷಯ. ಕಳೆದ ವರ್ಷ ಗೌರಿ ಗಣೇಶ ಹಬ್ಬದ ಹೊತ್ತಿಗೆ ನನ್ನ 40 ಕೊಳವೆಗಳು ಅರೆ ಕ್ಯೂರ್ ಆಗಿ ಸಿದ್ಧವಾಗಿದ್ದವು. ಹಬ್ಬದ ರಜೆ, ಅದರ ಬೆನ್ನಿಗೆ ಭಾನುವಾರ, ಊರಿಗೆ ಹೋದವರು ಬಾರದ ಒಂದು ದಿನ ಎಲ್ಲ ಸೇರಿ ಐದು ದಿನ ಅವು ಕಪಾಟಿನಲ್ಲಿ ಬರಿಮೈಯಲ್ಲೇ ಬಿದ್ದಿದ್ದವು, ಹೊರಗೆ ಜಡಿಮಳೆ. ಆಮೇಲೆ ಬಳೆ ಸುತ್ತಿ ಪೂರ್ತಿ ಮಾಡಿ ಕಳುಹಿಸಿದರು. ನಾನು ಸರಕು ತೆಗೆದುಕೊಳ್ಳುವಾಗ ಪ್ರತಿ ಬಳೆಯನ್ನೂ ನಾಣ್ಯದಿಂದ ತಟ್ಟಿ ನೋಡುವ ರೂಢಿ ಇಟ್ಟುಕೊಂಡಿದ್ದೇನೆ. ಕೂಡಿದ ಜಾಗ ಕಣಕಣ ಎನ್ನುತ್ತದೆ, ಬಿಟ್ಟ ಜಾಗ ಮಂಕಾಗಿ ಬೊದ್ ಎನ್ನುತ್ತದೆ. ಆ ಸಲ 11 ಕೊಳವೆಗಳಲ್ಲಿ ಬೊದ್ ಎಂದಿತು. ಒಂದನ್ನು ಕತ್ತರಿಸಿದಾಗ ಬಳೆಯ ಕೆಳಗೆ ಸೂಜಿಮೊನೆಯಷ್ಟು ಗುಳ್ಳೆಗಳು ಸಾಲಾಗಿ ಕೂತಿದ್ದವು.

ಓವನ್ನಿನ ಬಿಸಿಯಲ್ಲಾಗಲಿ, ನಿಲ್ಲಿಸಿದ ಹೊತ್ತಿನಲ್ಲಾಗಲಿ ತಪ್ಪಿರಲಿಲ್ಲ. ಅದರ ದಾಖಲೆ ಸರಿಯಾಗಿಯೇ ಇತ್ತು. ತಪ್ಪಿದ್ದು ಕಪಾಟಿನಲ್ಲಿ ಸುಮ್ಮನೆ ಬಿದ್ದಿದ್ದ ಐದು ದಿನಗಳಲ್ಲಿ. ಅರೆ ಕ್ಯೂರ್ ಆದ ಎಪಾಕ್ಸಿ ಗಾಳಿಯ ತೇವವನ್ನು ಹೀರುತ್ತದೆ. ಎರಡನೆಯ ಸಲ 120 ಡಿಗ್ರಿಗೆ ಏರಿಸಿದಾಗ ಆ ನೀರು ಹಬೆಯಾಗಿ ಹೊರಬರಲು ನೋಡುತ್ತದೆ, ಮೇಲೆ ಬಳೆ ಮುಚ್ಚಿರುವುದರಿಂದ ಅಲ್ಲೇ ಗುಳ್ಳೆಯಾಗುತ್ತದೆ. ಇದರ ಜೊತೆಗೆ ಕೋಣೆಯ ಬಿಸಿಯಲ್ಲೂ ಕ್ಯೂರಿಂಗ್ ನಿಧಾನವಾಗಿ ಮುಂದುವರಿಯುತ್ತಿರುತ್ತದೆ. ಪ್ರಿಪ್ರೆಗ್ ಸುರುಳಿಗಳನ್ನು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಇಡುವುದು, ಹೊರತೆಗೆದಾಗ ಪೂರ್ತಿ ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚದಿರುವುದು ಇದೇ ಎರಡು ಕಾರಣಗಳಿಗಾಗಿ. ಸುರುಳಿಯ ವಿಷಯದಲ್ಲಿ ಅಷ್ಟು ಶಿಸ್ತಿರುವ ಜನ, ಅದೇ ರೆಸಿನ್ ಕೊಳವೆಯಾಗಿ ನಿಂತ ಕೂಡಲೇ ಅದನ್ನು ಅರ್ಧ ಮುಗಿದ ಸರಕೆಂದು ಭಾವಿಸಿ ಕಪಾಟಿಗೆ ಹಾಕಿದ್ದು ನನಗೆ ಇಂದಿಗೂ ವಿಚಿತ್ರವೆನಿಸುತ್ತದೆ. ಅರೆ ಕ್ಯೂರಿಂಗ್ ಎಂದರೆ ಒಲೆಯ ಮೇಲಿಂದ ಇಳಿಸಿದ ಪಾತ್ರೆ, ಒಳಗಿನದು ಇನ್ನೂ ಬೇಯುತ್ತಲೇ ಇದೆ.

ಯಜಮಾನರು ವಾದ ಮಾಡಲಿಲ್ಲ. ಕತ್ತರಿಸಿದ ತುಂಡನ್ನು ಭೂತಗನ್ನಡಿಯಲ್ಲಿ ನೋಡಿ 11 ಕೊಳವೆಗಳನ್ನೂ ಬದಲಿಸಿಕೊಟ್ಟರು. ಆದರೆ ಉಳಿದ 29ರ ಬಗ್ಗೆ ನನ್ನ ಅನುಮಾನ ಪೂರ್ತಿ ಹೋಗಲಿಲ್ಲ. ತಟ್ಟಿ ನೋಡುವುದರಿಂದ ಬಿಟ್ಟ ಜಾಗ ತಿಳಿಯುತ್ತದೆ. ಹಿಡಿದಿದ್ದರೂ ಬಲಹೀನವಾಗಿ ಹಿಡಿದದ್ದು ತಿಳಿಯುವುದಿಲ್ಲ. ಅವನ್ನು 30 ಅಡಿಗಿಂತ ಚಿಕ್ಕ ದೋಟಿಗಳಿಗೆ ಮಾತ್ರ ಬಳಸಿದೆ. ಆ ನಷ್ಟವನ್ನು ಅವರು ತುಂಬಲಿಲ್ಲ, ನಾನು ಕೇಳಲೂ ಇಲ್ಲ. ಹಂಗಾಮಿನ ನಡುವೆ ತೋಟದ ಫಸಲನ್ನು ಗುತ್ತಿಗೆ ಹಿಡಿದ ಚೇಣಿದಾರರು ದಿನಕ್ಕೆರಡು ಸಲ ಫೋನ್ ಮಾಡುತ್ತಿರುವಾಗ ಜಗಳಕ್ಕೆ ಹೊತ್ತಾದರೂ ಎಲ್ಲಿತ್ತು?

ಕೊನೆಯ ಕ್ಯೂರಿಂಗ್ ಬಗ್ಗೆ ನನಗೆ ದೂರಿಲ್ಲ. ಬೇಸಿಗೆಯಲ್ಲಿ ಕಪ್ಪು ಕೊಳವೆಯನ್ನು ತೋಟದ ಬದುವಿನ ಬಿಸಿಲಿಗೆ ಒರಗಿಸಿಟ್ಟರೆ ಮುಟ್ಟಲಾಗದಷ್ಟು ಕಾಯುತ್ತದೆ. ಕ್ಯೂರಿಂಗ್ ಪೂರ್ತಿಯಾಗದ ರೆಸಿನ್ ಮೆತ್ತಗಾಗುವ ಬಿಸಿಯ ಮಟ್ಟ ಕೆಳಗಿರುತ್ತದೆ, ತೇವ ಹೀರಿದರೆ ಇನ್ನೂ ಕೆಳಗಿಳಿಯುತ್ತದೆ. ಆಗ ಕ್ಲ್ಯಾಂಪ್ ಬಿಗಿದ ಜಾಗದಲ್ಲಿ ಕೊಳವೆ ನಿಧಾನವಾಗಿ ತಗ್ಗು ಬೀಳುತ್ತದೆ. ನಮ್ಮ ಕೊಳವೆಗಳ ರೆಸಿನ್ ಪೂರ್ತಿ ಬೆಂದಾಗ ಆ ಮಟ್ಟ 120 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಪರೀಕ್ಷೆಯಲ್ಲಿ ಹಾಗೆಯೇ ಬಂದಿದೆ. ಪ್ರಯೋಗಾಲಯಕ್ಕೆ ಹೋಗಲಾಗದವರು ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಬಳೆಯ ಮೇಲೆ ಉಜ್ಜಿ ನೋಡಬಹುದು. ಅಂಟಂಟಾದರೆ ಸರಕನ್ನು ವಾಪಸ್ ಕಳುಹಿಸಿ. ಕರೆಂಟ್ ಹೋದಾಗ ಏನು ಮಾಡುತ್ತೀರಿ ಎಂದೂ ಕೇಳಿದ್ದೆ. ಜನರೇಟರ್ ಇದೆ, ಜೊತೆಗೆ ಮ್ಯಾಂಡ್ರೆಲ್ಲಿನ ಬಿಸಿ ದಾಖಲಾಗುತ್ತಲೇ ಇರುವುದರಿಂದ ಎಲ್ಲಿ ನಿಂತಿತು, ಎಲ್ಲಿಂದ ಮುಂದುವರಿಯಿತು ಎಂಬುದು ಕಾಗದದ ಮೇಲೆ ಉಳಿಯುತ್ತದೆ. ಕರೆಂಟ್ ಹೋಗಿದ್ದರಿಂದ ಆಗುವ ಅರೆ ಕ್ಯೂರಿಂಗ್‌ಗಿಂತ, ಅದು ಆದದ್ದೇ ತಿಳಿಯದಿರುವುದು ಹೆಚ್ಚು ಅಪಾಯಕಾರಿ.

ದರದ ಮಾತು ಚಿಕ್ಕದು. ಪೂರ್ತಿ ಕ್ಯೂರ್ ಮಾಡಿ ಬಳೆ ಕೂಡಿಸುವ ಕೆಲಸಕ್ಕೆ ಹೋಲಿಸಿದರೆ ತುಂಡಿಗೆ 180 ರೂಪಾಯಿ ಹೆಚ್ಚು ತೆಗೆದುಕೊಳ್ಳುತ್ತಾರೆ; ಓವನ್ ಎರಡು ಸಲ ಹತ್ತಿಸುವುದು ಎರಡೂ ವಿಧಾನಗಳಲ್ಲಿ ಇರುವುದರಿಂದ ಈ ಹೆಚ್ಚಳ ಪರೀಕ್ಷೆ ಮತ್ತು ದಾಖಲೆಯದ್ದು ಎಂದು ಭಾವಿಸಿದ್ದೇನೆ, ಅದು ದುಬಾರಿಯಲ್ಲ. ಕೊಡುವ ದಿನಾಂಕದಲ್ಲಿ ಒಂದು ವಾರದ ಆಚೀಚೆ ಸಾಮಾನ್ಯ. ಚಪ್ಪಟೆ ಹಲಗೆಯ ಕೆಲಸವನ್ನೂ ಅವರು ನಿರ್ವಾತ ಚೀಲದಲ್ಲಿ ಮಾಡಿಕೊಡುತ್ತಾರೆ, ಆದರೆ ದಪ್ಪ ಹಲಗೆ ಬೇಕಾದವರಿಗೆ ನಾನು ಇದನ್ನು ಸೂಚಿಸಲಾರೆ. ತುಮಕೂರು ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ಪಂಪು ಎಷ್ಟೇ ಒಳ್ಳೆಯದಾಗಿದ್ದರೂ ಚೀಲದ ಮೇಲೆ ಬೀಳುವ ಒತ್ತಡ ಇಲ್ಲಿಯ ಗಾಳಿಯ ಒತ್ತಡವನ್ನು, ಅಂದರೆ ಸುಮಾರು 0.92 ಬಾರನ್ನು, ಮೀರಲಾರದು. ತೆಳು ಹಲಗೆಗೆ ಅದು ಸಾಕು. ದಪ್ಪದ್ದರಲ್ಲಿ ಗಾಳಿಗುಳ್ಳೆಗಳನ್ನು ಹಿಂಡಿ ತೆಗೆಯುವುದು ಕಷ್ಟ, ಜೊತೆಗೆ ಕ್ಯೂರಿಂಗಿನ ಶಾಖ ಒಳಗೇ ಕೂಡಿಕೊಂಡು ನಡುಭಾಗ ಅತಿಯಾಗಿ ಕಾಯುತ್ತದೆ. ಅಂಥಲ್ಲಿ ಹಂತಹಂತವಾಗಿ ಅರೆ ಕ್ಯೂರ್ ಮಾಡುತ್ತಾ ಹೋಗುವುದರಿಂದ ಲಾಭವಿದೆ, ಅದನ್ನು ಇವರು ಇನ್ನೂ ಕೈಗೆತ್ತಿಕೊಂಡಿಲ್ಲ.

ನನ್ನ ಗ್ರಾಹಕರಿಗಾಗಿ ಇಲ್ಲೇ ಒಂದು ಮಾತು. ಕಾರ್ಬನ್ ನಾರಿನಲ್ಲಿ ವಿದ್ಯುತ್ ಹರಿಯುತ್ತದೆ. ಬಳೆ ಎಷ್ಟು ಗಟ್ಟಿಯಾಗಿದ್ದರೂ, ಹಿಡಿಯ ಮೇಲೆ ಗಾಜಿನ ನಾರು ಸುತ್ತಿದ್ದರೂ, ತೋಟದ ಮೇಲೆ ಕರೆಂಟ್ ತಂತಿ ಹಾದುಹೋಗಿರುವ ಕಡೆ ದೋಟಿ ಎತ್ತಬಾರದು.

ಈ ಹಂಗಾಮಿಗೆ ಮತ್ತೆ ಅವರಿಗೇ 60 ಕೊಳವೆಗಳ ಆರ್ಡರ್ ಕೊಟ್ಟಿದ್ದೇನೆ, ಮೂರು ಷರತ್ತುಗಳೊಡನೆ. ಅರೆ ಕ್ಯೂರ್ ಆದ ಕೊಳವೆ ತಣ್ಣಗಾದ ಕೂಡಲೇ ತೇವ ಹೀರುವ ಪುಡಿಯ ಪೊಟ್ಟಣದೊಡನೆ ಚೀಲದಲ್ಲಿ ಮುಚ್ಚಬೇಕು, ಚೀಲದ ಮೇಲೆ ಓವನ್ನಿನಿಂದ ಇಳಿಸಿದ ದಿನ ಮತ್ತು ಗಂಟೆ ಬರೆಯಬೇಕು, 24 ಗಂಟೆಯೊಳಗೆ ಬಳೆ ಸುತ್ತಿ ಮುಗಿಸಬೇಕು. ಮೊದಲ ಎರಡಕ್ಕೆ ಒಪ್ಪಿದರು. ಮೂರನೆಯದಕ್ಕೆ, ಸುತ್ತುವವರು ಇಬ್ಬರೇ ಇರುವುದರಿಂದ 48 ಗಂಟೆಯಾದರೂ ಬೇಕು ಎಂದರು. ಚೀಲ ಮುಚ್ಚಿರುವುದಾದರೆ 48 ಗಂಟೆಗೆ ನನ್ನ ಅಡ್ಡಿಯಿಲ್ಲ, ಆದರೆ ಅಷ್ಟು ಹೊತ್ತು ಇಟ್ಟ ಒಂದು ಚಪ್ಪಟೆ ಹಲಗೆಯನ್ನೂ ಜೊತೆಗೆ ಮಾಡಿಕೊಡಿ, ಗಿಡ್ಡ ತೊಲೆಯ ಪರೀಕ್ಷೆಗೆ ಹಾಕಿಸುತ್ತೇನೆ ಎಂದಿದ್ದೇನೆ. ಹಲಗೆ ಮುಂದಿನ ಸೋಮವಾರ ಕೈಸೇರಬೇಕು. ಕೊಳವೆಗಳ ಮುಂಗಡದ ಉಳಿದರ್ಧವನ್ನು ಅದರ ಅಂಕಿ ನೋಡಿದ ಮೇಲೆ ಕೊಡುವುದಾಗಿ ಮಾತಾಗಿದೆ.